ಮುಳಶಿ ಕಡೆಯ ಕೆಸರು ಓಟ: ಗೋಡೆಗೆ ಪೂರ್ತಿ ಅಂಕ, ತೊಳೆಯೋ ನೀರಿಗೆ ಸೊನ್ನೆ

ಕೆಸರಲ್ಲಿ ತಡೆಗಳನ್ನು ದಾಟುತ್ತಾ ಓಡುವ ಈ ಆಬ್‌ಸ್ಟಕಲ್ ರೇಸ್‌ಗೆ ಹೋಗಬೇಕಾ ಬೇಡ್ವಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೆಳೆಯರು ಬರುವುದಾದರೆ ಖಂಡಿತ ಹೋಗಿ, ಒಬ್ಬರೇ ಆದರೆ ಬೇಡ. ನಾವು ಪಿಂಪ್ರಿ-ಚಿಂಚವಾಡದ ಕನ್ನಡದವರ ಒಂದು ಗುಂಪು, ಜುಲೈ ಮಳೆಯಲ್ಲಿ ಪುಣೆ ಹತ್ತಿರದ ಮುಳಶಿ ಕಡೆ ಹೋಗಿದ್ದೆವು. ಓಟ 5 ಕಿ.ಮೀ. ಅಷ್ಟೇ. ಆದರೆ ರಸ್ತೆ ಮೇಲೆ ಓಡುವ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಹಲಗೆಯ ಗೋಡೆಯ ಹತ್ತಿರ. ಆಳೆತ್ತರಕ್ಕಿಂತ ಜಾಸ್ತಿ, ಮುಂದೆ ಹೋದವರ ಶೂ ಕೆಸರು ಮೆತ್ತಿಕೊಂಡು ಪೂರ್ತಿ ಜಾರುತ್ತದೆ. ಓಡಿ ಬಂದು ಹಾರಿದರೂ ಬೆರಳ ತುದಿ ಅಂಚಿಗೆ ತಾಗುತ್ತದೆ, ಹಿಡಿತ ಸಿಗುವುದಿಲ್ಲ. ನಮ್ಮಲ್ಲಿ ಗಟ್ಟಿಮುಟ್ಟಾದ ಇಬ್ಬರು ಗೋಡೆಗೆ ಬೆನ್ನು ಕೊಟ್ಟು ನಿಂತರು, ತೊಡೆ ಮೇಲೊಂದು ಕಾಲು, ಹೆಗಲ ಮೇಲೊಂದು ಕಾಲು ಇಡಿಸಿಕೊಂಡು ಉಳಿದವರನ್ನೆಲ್ಲ ಹತ್ತಿಸಿದರು, ಮೇಲೆ ಹೋದವರು ಕವುಚಿ ಮಲಗಿ ಕೊನೆಗೆ ಅವರಿಬ್ಬರ ಮಣಿಕಟ್ಟು ಹಿಡಿದು ಎಳೆದುಕೊಂಡರು. ಒಬ್ಬಳೇ ಬಂದಿದ್ದ ಒಬ್ಬ ಮರಾಠಿ ಹುಡುಗಿ ಗೋಡೆ ನೋಡುತ್ತಾ ನಿಂತಿದ್ದಳು, ಅವಳನ್ನೂ ದಾಟಿಸಿದೆವು. 2010ರಲ್ಲಿ ಅಮೆರಿಕದಲ್ಲಿ ಶುರುವಾದ ಟಫ್ ಮಡರ್ ಅನ್ನೋ ಇಂಥದ್ದೇ ಕೆಸರು ಓಟದಲ್ಲಿ ಯಾರು ಮೊದಲು ಅನ್ನೋದಕ್ಕಿಂತ ಜೊತೆಯವರನ್ನು ದಾಟಿಸುವುದೇ ದೊಡ್ಡದು. ಅದು ಯಾಕೆ ಅಂತ ಈ ಗೋಡೆ ಎದುರು ನಿಂತರೆ ಗೊತ್ತಾಗುತ್ತದೆ.

ಕೆಸರಿನ ಹೊಂಡದಲ್ಲಿ ಕುಂದಾಪುರದ ಗೆಳೆಯನೇ ನಮಗೆ ಗುರು. ಊರಲ್ಲಿ ಕೆಸರು ಗದ್ದೆ ಓಟ ಓಡಿದವನು. ಹೆಜ್ಜೆ ಸಣ್ಣದಿಡಿ, ನಿಲ್ಲಬೇಡಿ, ಮೊದಲು ಹಿಮ್ಮಡಿ ಎತ್ತಿ ಆಮೇಲೆ ಬೆರಳು ಅಂದ. ಹಿಮ್ಮಡಿ ಎತ್ತಿದಾಗ ಗಾಳಿ ಒಳಗೆ ಹೋಗಿ ಕೆಸರು ಕಾಲು ಬಿಡುತ್ತದೆ. ಧಾರವಾಡದವನು ಅದನ್ನು ಕೇಳದೆ ನುಗ್ಗಿ ಒಂದು ಶೂ ಅಲ್ಲೇ ಬಿಟ್ಟು ಬಂದ, ಪಾಪ. ಲೇಸು ಬಿಗಿಯಾಗಿ ಕಟ್ಟಿ. ಹತ್ತಿ ಟೀ-ಶರ್ಟ್ ಬೇಡ, ನೀರು ಕುಡಿದು ಮೈಮೇಲೆ ಭಾರವಾಗುತ್ತದೆ. ಹಗ್ಗದ ಬಲೆ, ಟೈರು ಎಳೆಯೋದು ಇವೆಲ್ಲ ಚೆನ್ನಾಗಿವೆ, ಅಲ್ಲಿ ಹೇಳುವಂಥದ್ದೇನಿಲ್ಲ.

ಸಿಟ್ಟು ಬಂದದ್ದು ತಂತಿ ಕೆಳಗೆ ತೆವಳುವ ಜಾಗದಲ್ಲಿ. ಕೆಸರಿನೊಳಗಿನ ಚೂಪು ಕಲ್ಲುಗಳನ್ನು ಆರಿಸಿ ತೆಗೆದಿರಲಿಲ್ಲ, ನಮ್ಮಲ್ಲಿ ಹೆಚ್ಚಿನವರ ಮಂಡಿ, ಮೊಣಕೈ ತರಚಿತು. ಮುಗಿಸಿ ಬಂದರೆ ತೊಳೆದುಕೊಳ್ಳಲು ಇದ್ದದ್ದು ಒಂದೇ ಪೈಪು, ಉದ್ದ ಸಾಲು. ಹೆಂಗಸರಿಗೆ ಬಟ್ಟೆ ಬದಲಿಸಲು ಒಂದೇ ಡೇರೆ. ಗಾಯಕ್ಕೆ ಹಚ್ಚುವ ಔಷಧಿ ಕೇಳಿದರೆ ಡಬ್ಬಿ ಹುಡುಕಾಡಿದರು. ಇದು ಸಣ್ಣ ವಿಷಯ ಅಲ್ಲ. ಇಲಿ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು, 2005ರ ಜುಲೈ ಪ್ರವಾಹದ ನಂತರ ಮುಂಬೈಯಲ್ಲಿ ಅದು ಎಷ್ಟು ಜನರನ್ನು ಕಾಡಿತ್ತು ಅಲ್ವಾ? ಮಳೆಗಾಲದಲ್ಲಿ ಇಷ್ಟು ಜನರನ್ನು ಕೆಸರಿಗೆ ಇಳಿಸುವವರು ಶುದ್ಧ ನೀರು ಕೊಡಲೇಬೇಕು. ಫೀಸಿನಲ್ಲಿ ಟೀ-ಶರ್ಟ್, ಮೆಡಲ್ ಇರುತ್ತದೆ. ಮೆಡಲ್ ಬಿಟ್ಟು ಇನ್ನೆರಡು ಟ್ಯಾಂಕರ್ ತರಿಸಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಹೋಗುವವರು ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ನೋಡಿಕೊಳ್ಳಿ. ಮಂಡಿಗೆ ಪ್ಯಾಡ್ ಹಾಕಿ. ಕಾರಲ್ಲಿ ಎರಡು ಕ್ಯಾನ್ ನೀರು, ಸೋಪು, ಡೆಟಾಲ್ ಇರಲಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಸುಮ್ನೆ ಮಾತ್ರೆ ನುಂಗಿ ಕೂರಬೇಡಿ, ಕೆಸರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಿ.