ಎಣಿಕೆ ಕಲಿಸಲು ಅವರೆಕಾಯಿಯೋ, ಹುಣಸೆ ಬೀಜವೋ, ಹೊಂಗೆ ಹೂವೋ?

ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ ಶಾಲೆ. ಯುಕೆಜಿಯಲ್ಲಿ 24 ಮಕ್ಕಳು. 50ರವರೆಗೆ ಎಲ್ಲರಿಗೂ ಬಾಯಿಪಾಠ. ಆದರೆ ಮುಂದೆ ಏಳು ಮಣಿ ಇಟ್ಟರೆ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಓಡುತ್ತಿತ್ತು. ಎಣಿಸಿ ಮುಗಿಸಿದವರನ್ನು ‘ಹಾಗಾದ್ರೆ ಒಟ್ಟು ಎಷ್ಟು?’ ಅಂತ ಕೇಳಿದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ ಅನ್ನುವುದು ಅವರ ತಲೆಯಲ್ಲಿ ಕೂತಿರಲಿಲ್ಲ. ಹಾಗಾಗಿ ಎರಡು ವರ್ಷದಿಂದ ಪ್ಲಾಸ್ಟಿಕ್ ಮಣಿ ಬದಿಗಿಟ್ಟು, ಆಯಾ ಕಾಲಕ್ಕೆ ಊರಲ್ಲೇ ಸಿಗುವ ಮೂರನ್ನು ಬಳಸಿ ನೋಡಿದ್ದೇನೆ.

ಹೊಂಗೆ ಹೂವಿನ ಮೇಲೆ ನನಗೆ ತುಂಬಾ ಆಸೆಯಿತ್ತು. ಯುಗಾದಿ ಆಸುಪಾಸಿನಲ್ಲಿ ಮರದಡಿ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಕಾಸು ಖರ್ಚಿಲ್ಲ. ಆದರೆ ಪುಟ್ಟ ಬೆರಳಿಗೆ ಒಂದೊಂದಾಗಿ ಸಿಗುವುದಿಲ್ಲ, ಹಿಡಿದರೆ ಜಜ್ಜಿಹೋಗುತ್ತದೆ, ಫ್ಯಾನ್ ಹಾಕಿದರೆ ಹಾರುತ್ತದೆ. ಅದೇ ಮರದ ಎಲೆ ವಾಸಿ: ಒಂದು ಕಡ್ಡಿಗೆ ಐದೋ ಏಳೋ ಎಲೆ, ಎದುರುಬದುರು ಜೋಡಿ, ತುದಿಯಲ್ಲಿ ಒಂಟಿ. ‘ಜೋಡಿ ಇಲ್ಲದೆ ಉಳಿದದ್ದು ಯಾವುದು?’ ಅನ್ನುವ ಪಾಠಕ್ಕೆ ಅಷ್ಟು ಸಾಕು.

ಹುಣಸೆ ಬೀಜ ಗಟ್ಟಿ ಸಾಮಗ್ರಿ. ಶಿವರಾತ್ರಿ ಹೊತ್ತಿಗೆ ಊರ ತುಂಬಾ ಹುಣಸೆಹಣ್ಣು ಕುಟ್ಟುತ್ತಾರೆ, ಒಬ್ಬ ಅಜ್ಜಿ ಕಳಿಸಿದ ಡಬ್ಬಿ ಇವತ್ತಿಗೂ ಹಾಗೇ ಇದೆ. ಚೌಕಾಬಾರಕ್ಕೆ ಮಾಡುವಂತೆ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದೆ. ಐದು ಬೀಜ ಎಸೆದರೆ ಮೂರು ಬಿಳಿ, ಎರಡು ಕಪ್ಪು. ಇನ್ನೊಮ್ಮೆ ಎಸೆದರೆ ಒಂದು ಬಿಳಿ, ನಾಲ್ಕು ಕಪ್ಪು. ಹೇಗೆ ಬಿದ್ದರೂ ಐದೇ. ಕೂಡುವ ಲೆಕ್ಕದ ಬುಡ ಇದು. ಹತ್ತರ ಗುಂಪು ಮಾಡಲೂ ಇದೇ ಸಲೀಸು. ನಮ್ಮ ಮಕ್ಕಳು ‘ಹತ್ತೊಂದು, ಹತ್ತೆರಡು’ ಅನ್ನುತ್ತಾರೆ. ಹತ್ತೊಂಬತ್ತು ಸರಿಯಾದರೆ ಹತ್ತೊಂದು ಯಾಕೆ ಸರಿಯಲ್ಲ ಅನ್ನುವುದು ಅವರ ನ್ಯಾಯ. ಹತ್ತು ಬೀಜದ ಪಕ್ಕ ಒಂದನ್ನಿಟ್ಟು ‘ಹನ್ನೊಂದು’ ಅಂದಾಗ ಒಪ್ಪಿಕೊಂಡರು. ಭಯ ಒಂದೇ. ಮೊದಲ ವರ್ಷ ಒಬ್ಬ ಹುಡುಗ ಬೀಜವನ್ನು ಮೂಗಿಗೆ ತೂರಿಸಿಕೊಂಡ. ಆಸ್ಪತ್ರೆಯಲ್ಲಿ ತೆಗೆಸಿಕೊಂಡು ಬರುವವರೆಗೆ ನನಗೆ ಜೀವವೇ ಇರಲಿಲ್ಲ. ಈಗ ಒಂದು ಸಲಕ್ಕೆ ಆರೇ ಮಕ್ಕಳು, ಆಯಮ್ಮ ಪಕ್ಕದಲ್ಲೇ ಕೂತಿರಬೇಕು. ಡಬ್ಬಿಗೆ ಹಾಕುವ ಮುಂಚೆ ಬೀಜದ ಲೆಕ್ಕ ಸರಿಹೋಗಬೇಕು.

ಆದರೆ ನನ್ನ ಮನಸ್ಸು ಅವರೆಕಾಯಿಯ ಕಡೆಗೇ. ಡಿಸೆಂಬರ್-ಜನವರಿಯಲ್ಲಿ ಸೊಗಡು ಕಟ್ಟಿದ ಕಾಯಿ ಎರಡು ಕೆಜಿ ತಂದು ಚಾಪೆ ಮೇಲೆ ಸುರಿದರೆ ಯಾರನ್ನೂ ಕರೆಯಬೇಕಿಲ್ಲ. ಮಣಿ, ಹೂವು, ಬೀಜ ಎಲ್ಲವನ್ನೂ ನಾನು ಹೇಳಿದ್ದಕ್ಕೆ ಎಣಿಸುತ್ತಾರೆ. ಇಲ್ಲಿ ಹಾಗಲ್ಲ, ಸಂಖ್ಯೆ ಸಿಪ್ಪೆಯೊಳಗೆ ಅಡಗಿ ಕೂತಿದೆ. ಮೊದಲು ಉಬ್ಬು ತಡವಿ ‘ನಾಲ್ಕು’ ಅಂತ ಊಹಿಸಬೇಕು, ಆಮೇಲೆ ಸುಲಿದು ನೋಡಬೇಕು. ಊಹೆ ಸರಿಯೋ ತಪ್ಪೋ ಕಾಯಿಯೇ ಹೇಳುತ್ತದೆ, ನಾನು ಬಾಯಿ ಬಿಡಬೇಕಿಲ್ಲ. ಎರಡು ಕಾಳಿನವು, ಮೂರರವು, ನಾಲ್ಕರವು, ಐದರವು ಅಂತ ಸಿಪ್ಪೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದೆವು. ಯಾವ ಸಾಲು ಉದ್ದ ಅನ್ನುವುದು ಎಣಿಸುವ ಮೊದಲೇ ಕಣ್ಣಿಗೆ ಕಂಡಿತು.

ಆಗ ಒಬ್ಬಳಿಗೆ ಜೊಳ್ಳು ಕಾಯಿ ಸಿಕ್ಕಿತು. ‘ಮಿಸ್, ಇದ್ರಲ್ಲಿ ಏನೂ ಇಲ್ಲ. ಇದನ್ನ ಎಲ್ಲಿಡ್ಲಿ?’ ನಾನು ಸೊನ್ನೆಯನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಅದಕ್ಕೊಂದು ಜಾಗ ಬೇಕು ಅಂತ ಮಗುವೇ ಕೇಳಿದ್ದು ಅದೇ ಮೊದಲು. ಎರಡರ ಸಾಲಿನ ಆಚೆ, ಒಂದಕ್ಕೆ ಜಾಗ ಬಿಟ್ಟು, ಅವಳೇ ಇಟ್ಟಳು.

ಅವರೆಗೂ ತೊಂದರೆಯಿದೆ. ಸುಲಿದ ಕಾಳು ಎರಡನೇ ದಿನಕ್ಕೆ ಬಾಡುತ್ತದೆ, ಹುಳ ಕಂಡರೆ ಪಾಠ ಅಲ್ಲಿಗೇ ನಿಲ್ಲುತ್ತದೆ, ಹಸಿ ಕಾಳು ಬಾಯಿಗೆ ಹಾಕದಂತೆ ಕಾಯಬೇಕು, ಮೂಗಿನ ಭಯ ಇಲ್ಲೂ ತಪ್ಪಿದ್ದಲ್ಲ. ಹೆಚ್ಚೆಂದರೆ ಎರಡು ತಿಂಗಳ ಆಟ. ಆದರೆ ಎಣಿಸಿದ ಕಾಳು ತೊಳೆದು ಬಿಸಿಯೂಟದ ಅಡುಗೆಮನೆಗೆ ಹೋಗುತ್ತದೆ. ಮಧ್ಯಾಹ್ನ ತಟ್ಟೆ ಮುಂದೆ ಕೂತು, ಸಾರಿನಲ್ಲಿ ಬಂದ ಕಾಳನ್ನು ಯಾರೂ ಹೇಳದೆ ಎಣಿಸಿಕೊಂಡು ತಿನ್ನುತ್ತಾರೆ.

ಒಂದೇ ಆರಿಸಿಕೊಳ್ಳಿ ಅಂದರೆ ಹತ್ತರೊಳಗಿನ ಎಣಿಕೆಗೆ ಅವರೆಕಾಯಿ, ಹತ್ತು ದಾಟಿದ ಮೇಲೆ ಹುಣಸೆ ಬೀಜ ಅನ್ನುತ್ತೇನೆ. ಹೊಂಗೆ ಹೂವನ್ನು ಈಗ ಎಣಿಸಲು ಕೊಡುವುದಿಲ್ಲ. ಮರದಡಿ ಕೂತು ಬೊಗಸೆಯಲ್ಲಿ ತುಂಬಿಕೊಳ್ಳಲು ಬಿಡುತ್ತೇನೆ.