ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ: ಡೈನೋಸಾರ್ ಸಾಲನ್ನು ಬಿಟ್ಟು ನೋಡಿ

ಸೌತ್ ಕೆನ್ಸಿಂಗ್ಟನ್‌ನ ಈ ಮ್ಯೂಸಿಯಂಗೆ ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಉಚಿತವಾದರೂ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿಕೊಳ್ಳಿ. ಬಾಗಿಲು ತೆರೆಯುವುದು ಬೆಳಿಗ್ಗೆ 10ಕ್ಕೆ. ಶನಿವಾರ, ಭಾನುವಾರ ಮತ್ತು ಶಾಲಾ ರಜೆಯ ದಿನಗಳಲ್ಲಿ ತಡಮಾಡಿದರೆ ಕ್ರಾಮ್‌ವೆಲ್ ರಸ್ತೆಯ ಮುಖ್ಯದ್ವಾರದಲ್ಲಿ ನೂಕುನುಗ್ಗಲು.

ಹಾಗಾಗಿ ಎಕ್ಸಿಬಿಷನ್ ರಸ್ತೆಯ ಬಾಗಿಲಿನಿಂದ ಒಳಗೆ ಹೋಗಿ. ಎದುರಿಗೇ 'ಸೋಫಿ' ನಿಂತಿದೆ, ಬೆನ್ನ ಮೇಲೆ ಫಲಕಗಳ ಸಾಲಿರುವ ಸ್ಟೆಗೊಸಾರಸ್ ಎಂಬ ಡೈನೋಸಾರ್. ಇದುವರೆಗೆ ಸಿಕ್ಕ ಸ್ಟೆಗೊಸಾರಸ್‌ಗಳಲ್ಲೇ ಅತಿ ಪೂರ್ಣವಾದ ಅಸ್ಥಿಪಂಜರ ಇದು, ಬಹುಪಾಲು ಅಸಲಿ ಎಲುಬು. ಡೈನೋಸಾರ್ ಗ್ಯಾಲರಿಯ ಹೊರಗೆ ಗಂಟೆಗಟ್ಟಲೆ ನಿಲ್ಲುವವರು ಇದನ್ನು ನೋಡದೆಯೇ ಮರಳುತ್ತಾರೆ. ಆ ಗ್ಯಾಲರಿಯ ದೊಡ್ಡ ಆಕರ್ಷಣೆಯಾದ, ತಲೆ ಆಡಿಸುವ ಟಿ. ರೆಕ್ಸ್ ಒಂದು ಯಂತ್ರ. ಚಿಕ್ಕ ಮಕ್ಕಳಿದ್ದರೆ ಸರಿ, ಇಲ್ಲದಿದ್ದರೆ ಆ ಸಾಲಿಗೆ ನಿಲ್ಲಬೇಡಿ.

ಸೋಫಿಯಿಂದ ಮುಂದೆ ಸಾಗಿದರೆ ಸಮುದ್ರ ಸರೀಸೃಪಗಳ ಗೋಡೆ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಪಳೆಯುಳಿಕೆ ಶೋಧಕಿ ಮೇರಿ ಆ್ಯನಿಂಗ್ ಇಂಗ್ಲೆಂಡಿನ ಕರಾವಳಿಯ ಊರು ಲೈಮ್ ರೀಜಿಸ್‌ನಲ್ಲಿ ಹುಡುಕಿ ತೆಗೆದ ಪಳೆಯುಳಿಕೆಗಳೂ ಇಲ್ಲಿವೆ. ಅಲ್ಲಿಂದ ಮ್ಯೂಸಿಯಂನ ಮುಖ್ಯ ಸಭಾಂಗಣವಾದ ಹಿಂಟ್ಜ್ ಹಾಲ್‌ಗೆ ಬಂದರೆ ತಲೆಯ ಮೇಲೆ 25.2 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ದಡಕ್ಕೆ ಸಿಕ್ಕಿಬಿದ್ದ ತಿಮಿಂಗಿಲದ ಈ ಎಲುಬುಗಳನ್ನು 2017ರಲ್ಲಿ ಇಲ್ಲಿ ತೂಗುಹಾಕಿದರು. ಕೆಳಗಿನಿಂದ ನೋಡಿದರೆ ದವಡೆಯೇ ಕಣ್ಣು ತುಂಬುತ್ತದೆ. ಮೆಟ್ಟಿಲೇರಿ ಮೊದಲ ಮಹಡಿಯ ಬಾಲ್ಕನಿಯಿಂದ ನೋಡಿ: ಈಜುರೆಕ್ಕೆಯ ಒಳಗೆ ಕೈಬೆರಳುಗಳ ಹಾಗೆ ಸಾಲುಸಾಲಾಗಿ ಜೋಡಿಸಿದ ಎಲುಬುಗಳು ಸ್ಪಷ್ಟವಾಗಿ ಕಾಣುತ್ತವೆ. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದವರು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಕಟ್ಟಡವನ್ನೂ ಗಮನಿಸಿ. ಕಮಾನುಗಳನ್ನು ಹತ್ತುತ್ತಿರುವ ಟೆರ್ರಾಕೋಟಾ ಕೋತಿಗಳು 1881ರಲ್ಲಿ ಮ್ಯೂಸಿಯಂ ತೆರೆದಾಗಿನಿಂದ ಇಲ್ಲೇ ಇವೆ. ಅಳಿದುಹೋದ ಪ್ರಾಣಿಗಳ ಶಿಲ್ಪ ಪೂರ್ವದ ಭಾಗದಲ್ಲಿ, ಬದುಕಿರುವವುಗಳದ್ದು ಪಶ್ಚಿಮದಲ್ಲಿ.

ಅದೇ ಮಹಡಿಯ ಟ್ರೆಷರ್ಸ್ ಗ್ಯಾಲರಿ ಸಣ್ಣದು, ಬೇಗ ಮುಗಿಯುತ್ತದೆ. ಆದರೆ 1862ರಲ್ಲಿ ಕೊಂಡುತಂದ ಆರ್ಕಿಯಾಪ್ಟೆರಿಕ್ಸ್, ಅಂದರೆ ಡೈನೋಸಾರ್ ಮತ್ತು ಹಕ್ಕಿಯ ನಡುವಿನ ಕೊಂಡಿಯೆನ್ನುವ ಗರಿಯುಳ್ಳ ಪ್ರಾಣಿಯ ಪಳೆಯುಳಿಕೆ, ಇರುವುದು ಅಲ್ಲೇ. ಕಲ್ಲಿನ ಮೇಲೆ ಗರಿಗಳ ಗೆರೆ ಹುಡುಕಿ. ನೇರ ನಿಂತರೆ ಗಾಜಿನಲ್ಲಿ ದೀಪದ ಬಿಂಬ ಅಡ್ಡ ಬರಬಹುದು, ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ.

ನನ್ನ ಮೆಚ್ಚಿನ ಕೋಣೆ ಖನಿಜಗಳದ್ದು. ಓಕ್ ಮರದ ಹಳೆಯ ಪೆಟ್ಟಿಗೆಗಳು, ಕಿಟಕಿಯ ಬೆಳಕು, ಕಡಿಮೆ ಜನ. ವಿವರಣೆ ಚುಟುಕು, ಹೊಸಬರಿಗೆ ಸಾಲದು. ಚಳಿಗಾಲದಲ್ಲಿ ನಾಲ್ಕಕ್ಕೇ ಮಬ್ಬಾಗುವುದರಿಂದ ಮಧ್ಯಾಹ್ನದೊಳಗೇ ಹೋಗಿ. ಕೊನೆಯಲ್ಲಿರುವ 'ವಾಲ್ಟ್' ಎಂಬ ಅಮೂಲ್ಯ ವಸ್ತುಗಳ ಕೋಣೆಯನ್ನು ತಪ್ಪಿಸಬೇಡಿ, ಮಂಗಳ ಗ್ರಹದಿಂದ ಬಂದ ಉಲ್ಕಾಶಿಲೆಯ ತುಂಡು ಅಲ್ಲಿದೆ.