ಹಿಮ್ಮಡಿ ಚುಚ್ಚುವಾಗ ಅಮ್ಮನ ದನಿಯೋ, ರೆಕಾರ್ಡಿಂಗೋ, ವೈಟ್ ನಾಯ್ಸೋ?

ಬದಿಯಡ್ಕದ ಗೆಳತಿಯ ಮಗು ಅವಧಿಗೆ ಮುಂಚೆ ಹುಟ್ಟಿ ಮಂಗಳೂರಿನ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿದೆ. ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಯಾವ ಸದ್ದು ಕೇಳಿಸಲಿ ಅಂತ ಕೇಳಿದ್ದಾಳೆ.

ನೋವು ತಗ್ಗಿಸುವ ಮಟ್ಟಿಗೆ ನನ್ನ ಒಲವು ಅಮ್ಮನ ದನಿಗೇ. ಇಟಲಿಯ ಆಸ್ಪತ್ರೆಯೊಂದರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮ್ಮಡಿ ಚುಚ್ಚುವಾಗ ತಾಯಿ ಮಾತಾಡಿದರೆ ನೋವಿನ ಅಂಕ 4.5ರಿಂದ 3ಕ್ಕೆ ಇಳಿಯಿತು. ಹಾಡಿದಾಗ 3.8. ತಾಯಿ ಮಾತಾಡಿದಾಗ ಮಗುವಿನ ದೇಹದಲ್ಲಿ ಆಕ್ಸಿಟೋಸಿನ್ (ಬಾಂಧವ್ಯದ ಹಾರ್ಮೋನು) ಕೂಡ ಏರಿತು. ನೋಡಿದ್ದು 20 ಮಕ್ಕಳನ್ನು ಮಾತ್ರ, ಅದೂ ನೆನಪಿರಲಿ. ರಾಗ ಬರಬೇಕೆಂದೇನೂ ಇಲ್ಲ. ಚುಚ್ಚುವ ಐದು ನಿಮಿಷ ಮೊದಲೇ ಹತ್ತಿರ ಬಾಗಿ, 'ಮನೆಗೆ ಹೋಪೊ ಪುಟ್ಟಾ' ಅಂತ ಮೆಲ್ಲಗೆ ಹೇಳುತ್ತಿದ್ದರೂ ಸಾಕು. ಮಗು ಮಿಸುಕಿದರೆ ದನಿ ತಗ್ಗಿಸಬಹುದು. ಯಾವ ಯಂತ್ರಕ್ಕೂ ಅದು ಬರುವುದಿಲ್ಲ, ಅಲ್ವಾ?

ಆದರೆ ಸಿಸೇರಿಯನ್ ಆಗಿ ತಾಯಿ ಕಾಸರಗೋಡಿನಲ್ಲೇ ಮಲಗಿದ್ದರೆ? ಆಗ ಅವಳ ದನಿಯ ರೆಕಾರ್ಡಿಂಗ್ ಒಳ್ಳೆಯದು. ಖರ್ಚಿಲ್ಲ. ಮೊಬೈಲನ್ನು ಇನ್‌ಕ್ಯುಬೇಟರ್ ಒಳಗೆ ಮಾತ್ರ ಇಡಬೇಡಿ.

ವೈಟ್ ನಾಯ್ಸ್ ಅಂದರೆ ಒಂದೇ ಸಮನೆ ಬರುವ 'ಶ್‌...' ಸದ್ದು. ಅದರ ಯಂತ್ರಕ್ಕೆ ದುಡ್ಡು ಬೇಕು, ಹತ್ತಿರವಿಟ್ಟರೆ ಸದ್ದು ಜಾಸ್ತಿ. ಎನ್‌ಐಸಿಯು ಸದ್ದು 45 ಡೆಸಿಬಲ್ ದಾಟಬಾರದು ಅನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಮಾನಿಟರ್‌ಗಳ ಕೂಗು ಮೊದಲೇ ಇರುತ್ತದೆ. ದನಿ ಕೇಳಿಸಲು ಯಾರೂ ಇಲ್ಲದಾಗ, ನರ್ಸ್ ಒಪ್ಪಿದರೆ ಮಾತ್ರ ಇದು.

ಯಾವುದೇ ಆಗಲಿ, ಮಗು ಬೆರಳು ಅಗಲಿಸಿ ಸೆಟೆದರೆ, ಆಮ್ಲಜನಕ ಇಳಿದರೆ ತಕ್ಷಣ ನಿಲ್ಲಿಸಿ. ಸದ್ದೊಂದೇ ಸಾಲದು. ಎದೆಗಪ್ಪಿಕೊಳ್ಳುವುದಕ್ಕೆ, ಎದೆಹಾಲಿನ ಹನಿ ಕೊಡುವುದಕ್ಕೆ ಅವಕಾಶ ಇದೆಯಾ ಅಂತ ಡಾಕ್ಟರನ್ನು ಕೇಳಿ.